ಮಲಾಡಿನ ಮಳೆನೀರಿನ ಪರ್ಯಾಯ

ನಮ್ಮ ಸೊಸೈಟಿಯ ಸಿ ವಿಂಗಿನ ಹುಡುಗನೊಬ್ಬ ಹೋದ ತಿಂಗಳು ಒಂದು ವ್ಯಾನು ತಂದಿದ್ದಾನೆ. ಒಳಗೆ ಹಾಸಿಗೆಯಿದೆಯಂತೆ, ಒಲೆಯಿದೆಯಂತೆ, ಕೈ ತೊಳೆಯಲು ಪುಟ್ಟದೊಂದು ಬೇಸಿನ್ ಕೂಡ ಇದೆಯಂತೆ. ಮನೆಯಿಲ್ಲದವರು ಮುಂಬಯಿಯ ರಸ್ತೆಬದಿಯಲ್ಲಿ ಮಲಗುವುದನ್ನು ನಾನು ಇಲ್ಲಿಗೆ ಬಂದ ದಿನದಿಂದ ಕಂಡವಳು. ಮೂರು ಕೋಣೆಯ ಫ್ಲಾಟಿರುವವನು ಅಷ್ಟು ಖರ್ಚು ಮಾಡಿ ರಸ್ತೆಬದಿಯಲ್ಲಿ ಮಲಗುವ ಏರ್ಪಾಡು ಮಾಡಿಕೊಂಡದ್ದನ್ನು ಕಂಡದ್ದು ಮಾತ್ರ ಇದೇ ಮೊದಲು. ನಿನ್ನೆ ಸಂಜೆ ಅವನು ವ್ಯಾನಿನ ಪಕ್ಕ ನಿಂತು ಒಂದು ಗುಂಡಿ ಒತ್ತಿದ. ಗುಂಯ್ ಎನ್ನುತ್ತಾ ಬದಿಯಿಂದ ಬಟ್ಟೆಯ ಚಪ್ಪರವೊಂದು ತಾನಾಗಿಯೇ ಹೊರಗೆ ಬಂತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮಳೆಯೂ ಬಂತು.

ಸ್ವಲ್ಪ ಹೊತ್ತಿಗೆಲ್ಲ ಚಪ್ಪರದ ನಡುವೆ ನೀರು ನಿಂತು ಹೊಟ್ಟೆ ಇಳಿಯಿತು. ಸೊಸೈಟಿಯ ನಾಲ್ಕಾರು ಗಂಡಸರು ಕೊಡೆ ಹಿಡಿದು ಸುತ್ತ ಸೇರಿದರು. ಎಲ್ಲರೂ ಕಲಿತವರು. ಒಬ್ಬರು ಗುಂಡಿ ಒತ್ತಿ ಒಳಗೆಳೆದುಕೋ ಎಂದರು, ಇನ್ನೊಬ್ಬರು ಹಾಗೆ ಮಾಡಿದರೆ ಬಟ್ಟೆ ಹರಿಯುತ್ತದೆ ಎಂದರು. ಎಡಗಡೆ ಇಳಿಸೋಣವೆಂದರೆ ಅಲ್ಲಿ ಸೆಕ್ರೆಟರಿಯವರ ಸ್ಕೂಟರಿದೆ. ನಾನು ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಒಬ್ಬಳೇ ನಗತೊಡಗಿದೆ. "ಅಜ್ಜೀ, ಹಸ್ ಕ್ಯೂಂ ರಹೀ ಹೋ? ಹಾಲು ಉಕ್ತಾ ಉಂಟು," ಎಂದಳು ಮೊಮ್ಮಗಳು. ಅವಳ ಕನ್ನಡ ಅಷ್ಟೇ, ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಹಾಲು ಆಗಲೇ ಒಲೆಯ ಮೇಲೆಲ್ಲ ಹರಿದಿತ್ತು.

ಚಪ್ಪರದ ಹೊಟ್ಟೆಯ ವಿಷಯದಲ್ಲಿ ನನಗಿರುವಷ್ಟು ಅನುಭವ ಈ ಸೊಸೈಟಿಯಲ್ಲಿ ಇನ್ಯಾರಿಗೂ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ನಾನು ಮದುವೆಯಾಗಿ ಮಲಾಡಿಗೆ ಬಂದದ್ದು ಎಪ್ಪತ್ತರ ದಶಕದ ಮೊದಮೊದಲಲ್ಲಿ. ಆಗ ಮಾವ ಬೈಕುಲ್ಲಾದಲ್ಲಿದ್ದ ಅಣ್ಣನ ಹೋಟೆಲಿನಿಂದ ಬೇರೆಯಾಗಿ ಬಂದು, ಮಲಾಡ್ ಸ್ಟೇಶನ್ನಿಗೆ ಹತ್ತಿರ ತಮ್ಮದೇ ಒಂದು ಹೋಟೆಲು ತೆರೆದು ಕೆಲವೇ ತಿಂಗಳಾಗಿತ್ತು. ಹೋಟೆಲೆಂದರೆ ನೀವು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ನಾಲ್ಕು ಮೇಜು, ಒಂದು ಗಲ್ಲಾಪೆಟ್ಟಿಗೆ, ಹಿಂದೆ ಅಡಿಗೆಮನೆ, ಅದರ ಹಿಂದೆ ನಾವೆಲ್ಲ ಇರುವ ಒಂದು ಕೋಣೆ. ನನ್ನವರು ಬೆಳಿಗ್ಗೆ ಲೋಕಲ್ ಹಿಡಿದು ಫೋರ್ಟಿನ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅತ್ತೆ ಮತ್ತು ನಾನು ಹಿಂದೆ ಕೂತು ರುಬ್ಬುವುದು, ಹೆಚ್ಚುವುದು, ಬೇಯಿಸುವುದು. ಮುಂದಿನ ಭಾಗಕ್ಕೆ ಮನೆಯ ಹೆಂಗಸರು ಕಾಲಿಡುವ ಪದ್ಧತಿ ಇರಲಿಲ್ಲ. ಆದರೆ ಅಡಿಗೆಮನೆಯ ಬಾಗಿಲಿನಿಂದ ರಸ್ತೆಯವರೆಗೆ ಎಲ್ಲವೂ ಕಾಣುತ್ತಿತ್ತು, ಕಾಣದ್ದು ಕೇಳುತ್ತಿತ್ತು.

ಅತ್ತೆಗೆ ಆ ಹೋಟೆಲು ಬರೇ ಹೋಟೆಲಾಗಿರಲಿಲ್ಲ. ಬೈಕುಲ್ಲಾದ ಮನೆಯಲ್ಲಿ ಅವರು ಎಷ್ಟೋ ವರ್ಷ ದುಡಿದಿದ್ದರು. ಉಗ್ರಾಣದ ಬೀಗದಕೈ ಅವರ ಓರಗಿತ್ತಿಯ ಸೊಂಟದಲ್ಲಿ. ಒಂದು ತೆಂಗಿನಕಾಯಿ ಬೇಕಿದ್ದರೂ ಹೋಗಿ ಕೇಳಬೇಕು, ಕೊಡುವಾಗ "ನಿನ್ನೆ ಕೊಟ್ಟದ್ದು ಎಂತಾಯ್ತು?" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಮಗನಿಗೆ ಜ್ವರ ಬಂದಾಗ ಗಂಜಿಗೆ ಅಕ್ಕಿ ಕೇಳಿ ನಿಂತದ್ದನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಬೇರೆಯಾಗಿ ಹೊರಡುವ ದಿನ ದೊಡ್ಡ ಮಾವ ಜಗಲಿಯಲ್ಲಿ ಕೂತು, "ಒಂದು ಮಳೆಗಾಲ ಕಳೀಲಿ. ಚೌತಿಗೆ ಮೊದ್ಲು ವಾಪಸ್ ಬರ್ತಾರೆ, ಕೋಣೆ ಖಾಲಿ ಇರ್ಲಿ," ಎಂದರಂತೆ. ಅದು ಅತ್ತೆಯ ಕಿವಿಗೆ ಬಿತ್ತು. "ಬೀದಿಯಲ್ಲಿ ಕೂತು ಹಿಟ್ಟು ಮಾರಿಯೇನು, ಆ ಮನೆಯ ಮೆಟ್ಟಿಲು ಹತ್ತುವವಳಲ್ಲ," ಎಂದು ಅತ್ತೆ ನನ್ನೊಡನೆ ಹೇಳಿದ್ದುಂಟು. ಹೇಳುವಾಗ ಕೈ ಮಾತ್ರ ರುಬ್ಬುತ್ತಲೇ ಇತ್ತು.

ಹೋಟೆಲಿನ ಎದುರೇ ಬಸ್ ಸ್ಟಾಪು. ಸಂಜೆ ಲೋಕಲಿನಿಂದ ಇಳಿದವರು ಅಲ್ಲಿ ಕ್ಯೂ ನಿಲ್ಲುತ್ತಿದ್ದರು, ನಿಂತವರು ಚಹಾ ಕುಡಿಯುತ್ತಿದ್ದರು, ಹೋಟೆಲು ನಡೆಯುತ್ತಿದ್ದದ್ದೇ ಅದರಿಂದ. ಮಳೆ ಶುರುವಾದರೆ ಕ್ಯೂ ಎದುರುಗಡೆಯ ದೊಡ್ಡ ಕಟ್ಟಡದ ಪೋರ್ಟಿಕೋ ಕೆಳಗೆ ಓಡುತ್ತದೆ, ಅಲ್ಲಿ ಬೇರೊಬ್ಬನ ಚಹಾದಂಗಡಿಯಿದೆ. ಆದ್ದರಿಂದ ನಮ್ಮ ಬಾಗಿಲ ಮುಂದೆ ಒಂದು ಚಪ್ಪರ ಬೇಕೇ ಬೇಕು ಎಂದಾಯಿತು. ಮಾವ ಚೋರ್ ಬಜಾರಿಗೆ ಹೋಗಿ ಒಂದು ವಿಚಿತ್ರ ವಸ್ತುವನ್ನು ಟ್ಯಾಕ್ಸಿಯ ಮೇಲೆ ಕಟ್ಟಿಕೊಂಡು ಬಂದರು. ನೀಲಿ ಬಿಳಿ ಪಟ್ಟೆಯ ಕ್ಯಾನ್ವಾಸ್ ಸುರುಳಿ, ಅದಕ್ಕೊಂದು ಹಿಡಿಕೆ, ಎರಡು ಕಬ್ಬಿಣದ ಕಾಲು. ವಿಲಾಯತಿಯಿಂದ ರಸ್ತೆಯ ಮೇಲೇ ಬಂದ ಹಿಪ್ಪಿಗಳ ಮನೆಯಂಥ ವ್ಯಾನಿನದು ಅದು ಎಂದು ಮಾರಿದವನು ಹೇಳಿದ್ದನಂತೆ. ಹಿಡಿಕೆ ತಿರುಗಿಸಿದರೆ ಬಟ್ಟೆ ಹೊರಗೆ ಬರುತ್ತಿತ್ತು, ಕಾಲುಗಳನ್ನು ಫುಟ್‌ಪಾತಿನ ಮೇಲೆ ಊರಬೇಕು. ಕಾಲಿನಲ್ಲಿ ಸಾಲಾಗಿ ತೂತುಗಳಿದ್ದವು, ಅದರಲ್ಲಿ ಕೀಲು ಸಿಕ್ಕಿಸಿ ಬೇಕಾದಷ್ಟು ಎತ್ತರಿಸಬಹುದು, ಇಳಿಸಬಹುದು.

ವಾರ್ಡ್ ಆಫೀಸಿನವರು ನೋಡಿ, ಮಳೆಗಾಲ ಮುಗಿಯುವವರೆಗೆ ಇರಲಿ ಎಂದರು. ಒಂದೇ ಷರತ್ತು. ಇದರ ನೀರಿನಿಂದ ನನಗೆ ತೊಂದರೆ ಎಂದು ಆಚೀಚೆಯವರು ಒಬ್ಬರು ಹೇಳಿದರೂ ಅದೇ ದಿನ ಬಿಚ್ಚಬೇಕು. ಚಪ್ಪರ ಹೋದರೆ ಕ್ಯೂ ಹೋಯಿತು, ಕ್ಯೂ ಹೋದರೆ ಹೋಟೆಲು ಹೋಯಿತು, ಹೋಟೆಲು ಹೋದರೆ ಬೈಕುಲ್ಲಾ. ಅತ್ತೆ ಇದನ್ನು ಜಪದಂತೆ ಹೇಳುತ್ತಿದ್ದರು.

ಈಗ ಮಾವನ ಸ್ವಭಾವ ಹೇಳಬೇಕು. ಅವರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಓದಲು ಬಾರದ ಗುಜರಾತಿ ಪೇಪರನ್ನು ಕೂಡ ದಿನಾ ಹಾಕಿಸಿಕೊಳ್ಳುತ್ತಿದ್ದರು, ಆ ಪೇಪರಿನ ಹುಡುಗ ಬಂದು ಕೇಳಿದನಲ್ಲ ಎಂಬ ಒಂದೇ ಕಾರಣಕ್ಕೆ. ಇಂಥ ಮನುಷ್ಯ ಚಪ್ಪರ ಕಟ್ಟಿದರೆ ಹೇಗಿರುತ್ತದೆ ಹೇಳಿ. ಎಡಗಡೆ ಉತ್ತರದ ಕಡೆಯ ಭೈಯಾನ ಪಾನಿನಂಗಡಿ. ಬಲಗಡೆ ಹುಸೇನ್‌ಸಾಬರ ಅಂಗಡಿ, ಗಾದಿ ಮತ್ತು ತಾಡಪತ್ರಿ ಹೊಲಿಯುವುದು. ಅವರು ವಿಜಾಪುರದ ಕಡೆಯವರು, ಚಪ್ಪರದ ಹರಿದ ಜಾಗಕ್ಕೆಲ್ಲ ತೇಪೆ ಹಾಕಿ ಕೊಟ್ಟವರೂ ಅವರೇ. ಮುಂದುಗಡೆ ಬಸ್ಸಿನ ಕ್ಯೂ. "ಆಚೆ ಇಳಿಸಿದ್ರೆ ಭೈಯಾನ ಎಲೆ ಕೊಳೀತದೆ. ಈಚೆ ಇಳಿಸಿದ್ರೆ ಸಾಬ್ರ ಹತ್ತಿ ಒದ್ದೆ ಆಗ್ತದೆ. ಎದುರು ಇಳಿಸಿದ್ರೆ ಗಿರಾಕಿಗಳ ತಲೆ. ಯಾರಿಗೂ ಬೇಡ, ಸಮಾ ಇರ್ಲಿ," ಎಂದು ಮಾವ ಎರಡೂ ಕಾಲನ್ನು ಸುರುಳಿ ಬಿಗಿದ ಗೋಡೆಯ ಪಟ್ಟಿಯ ಎತ್ತರಕ್ಕೆ ಸರಿಯಾಗಿ ನಿಲ್ಲಿಸಿದರು. ದಾರ ಹಿಡಿದು ಅಳೆದೂ ನೋಡಿದರು.

ಬಾಗಿಲ ಸಂದಿಯಿಂದ ನೋಡಿದ ಅತ್ತೆ, "ಇವರ ಹಾಗೇ ಉಂಟು. ಯಾವ ಕಡೆಗೂ ವಾಲುದಿಲ್ಲ, ಎಲ್ಲ ಹೊಟ್ಟೆಯಲ್ಲಿ ತುಂಬಿಸಿಕೊಳ್ಳುದು," ಎಂದರು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ನೀರು ಯಾವಾಗಲೂ ತನ್ನ ಮಟ್ಟವನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂದು ವಿಜ್ಞಾನದ ಪಾಠವನ್ನು ಅವರಿಗೆ ಒಪ್ಪಿಸಿದೆ. ಅತ್ತೆ ನನ್ನನ್ನು ಒಮ್ಮೆ ನೋಡಿ, ಕಡಲೆಬೇಳೆ ಆರಿಸಲಿಕ್ಕೆ ಕೊಟ್ಟರು.

ಮಳೆ ಹಿಡಿಯಿತು. ಮುಂಬಯಿಯ ಮಳೆ ನಿಮಗೆ ಗೊತ್ತೇ ಇದೆ, ಮೊದಲು ಹೇಳಿ ಕೇಳಿ ಬರುವುದಲ್ಲ. ಚಪ್ಪರದ ನಡುವೆ ನೀರು ತುಂಬಿ ಹೊಟ್ಟೆ ಇಳಿಯುತ್ತಾ ಇಳಿಯುತ್ತಾ ಕ್ಯೂ ನಿಂತವರ ಟೋಪಿಗೆ ತಾಗುವಷ್ಟಾಯಿತು. ಹುಸೇನ್‌ಸಾಬರು ಬಂದು ತಮ್ಮ ತೇಪೆಯನ್ನು ಹೆಮ್ಮೆಯಿಂದ ನೋಡಿದರು. "ಮಾಲಕ್ರ, ನನ್ನ ಹೊಲಿಗಿ ಐತ್ರಿ ಇದು. ಇದರಾಗ ಆನಿ ಮಲಗಿದ್ರೂ ಹರಿಯಾಂಗಿಲ್ಲ," ಎಂದರು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟದಾಗಿ ಹೊಲಿದಿದ್ದರೆ ಅಲ್ಲಲ್ಲಿ ಸೋರಿ ಹೋಗುತ್ತಿತ್ತು. ಕೊನೆಗೆ ಒಂದು ಕಾಲು ಜಾರಿ, ಅಷ್ಟೂ ನೀರು ಭೈಯಾನ ಅಂಗಡಿಯ ಮೇಲೆ ಧಡಾರನೆ ಬಿತ್ತು. ಭೈಯಾ ಬಾಯಿ ತೆರೆಯುವ ಮೊದಲೇ ಮಾವ ಬಿಸಿಬಿಸಿ ಚಹಾದ ಗ್ಲಾಸು ಹಿಡಿದು ಅವನ ಮುಂದೆ ನಿಂತಿದ್ದರು. ಭೈಯಾ ತಲೆ ಒರೆಸಿಕೊಂಡು ಚಹಾ ಕುಡಿದ. ದೂರು ಹೇಳುವ ಮಾತು ಅಲ್ಲಿಗೇ ನಿಂತಿತು.

ಮಾರನೆಯ ದಿನ ಮತ್ತೆ ಹೊಟ್ಟೆ. ಈ ಸಲ ಮಾವ ಜೇಡನ ಬಲೆ ಹೊಡೆಯುವ ಬಿದಿರಿನ ಕೋಲಿನ ತುದಿಗೆ ಹಳೆಯ ಬಟ್ಟೆ ಸುತ್ತಿ, ಕೆಳಗಿನಿಂದ ಒತ್ತಿ, ನೀರನ್ನು ಹುಸೇನ್‌ಸಾಬರ ಕಡೆಗೆ ಉರುಳಿಸಿದರು. "ನಿನ್ನೆ ಭೈಯಾನಿಗಾಯ್ತು, ದಿನಾ ಒಬ್ಬನಿಗೇ ಆದ್ರೆ ನ್ಯಾಯವಾ?" ಎಂದು ಮೊದಲೇ ಹೇಳಿ, ಹತ್ತಿಯ ಮೂಟೆಗಳನ್ನು ತಾವೇ ಒಳಗೆ ಸರಿಸಿ, ಆಮೇಲೆ ಸುರಿದು, ಆಮೇಲೆ ಚಹಾ ಕೊಟ್ಟರು. ಮೂರನೆಯ ದಿನ ಕ್ಯೂನ ಕಡೆಗೆ. ಎಂಟು ಮಠಗಳು ಸರದಿಯ ಮೇಲೆ ಪೂಜೆ ನಡೆಸುವ ಊರಿನಲ್ಲಿ ಹುಟ್ಟಿ ಬೆಳೆದವರು ನಮ್ಮ ಮಾವ. ನೀರಿಗೆ ಇಳಿಜಾರು ಬೇಕೆಂಬುದು ಅವರಿಗೆ ಹೊಳೆಯಲಿಲ್ಲ, ಸರದಿ ಬೇಕೆಂಬುದು ಹೊಳೆಯಿತು. ಅಂದಿನಿಂದ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ, "ಇವತ್ತು ನಿಮ್ಮ ಪರ್ಯಾಯ ಸಾಬ್ರೇ," ಎಂದು ಅವರು ಕೂಗಿ ಹೇಳುವುದು, "ಹೌದ್ರಿ, ಇವತ್ತ ನಮ್ಮ ಪಾಳಿ," ಎಂದು ಹುಸೇನ್‌ಸಾಬರು ಮೂಟೆ ಸರಿಸುವುದು ನಡೆದುಬಂತು.

ಮುಂದೆ ಆದದ್ದು ನೀವು ಊಹಿಸಬಹುದು. ಒದ್ದೆಯಾದವರಿಗೆ ಚಹಾ ಎಂಬುದು ಮಲಾಡಿಗೆಲ್ಲ ತಿಳಿಯಿತು. ಕ್ಯೂನ ಸರದಿಯ ದಿನ ಕ್ಯೂ ಉದ್ದವಾಗತೊಡಗಿತು. ಬಸ್ಸು ಬಂದು ನಿಂತು ಕಂಡಕ್ಟರು ಗಂಟೆ ಹೊಡೆದರೂ ಹತ್ತದೆ ನಿಂತವರನ್ನು ನಾನೇ ಕಂಡಿದ್ದೇನೆ. ಮಾವ ಕೋಲು ಎತ್ತಿ "ಸರಕೋ ಭಾಯಿ, ಪಾನೀ ಆತಾ ಹೈ," ಎಂದು ಕೂಗಿದರೆ ಸರಿಯುವ ಬದಲು ಮುಂದೆ ಬರುತ್ತಿದ್ದರು. ಪೂರ್ತಿ ಗ್ಲಾಸು ಕೊಡಲು ಹಾಲು ಸಾಲದೆ ಅರ್ಧ ಗ್ಲಾಸಿನ ಕಟಿಂಗ್‌ಗೆ ಇಳಿಸಿದ್ದಾಯಿತು. ಅತ್ತೆ ಹಿಂದಿನಿಂದ, "ಮಳೆಯಿಂದಲ್ಲ, ಕುಡಿಸಿ ಕುಡಿಸಿಯೇ ಈ ಹೋಟೆಲು ಮುಳುಗುದು," ಎನ್ನುತ್ತಿದ್ದರು. ಎನ್ನುತ್ತಲೇ ಇನ್ನೊಂದು ಪಾತ್ರೆ ನೀರು ಒಲೆಗೇರಿಸುತ್ತಿದ್ದರು.

ಈ ವ್ಯವಸ್ಥೆಯಲ್ಲಿ ಒಬ್ಬರಿಗೆ ಮಾತ್ರ ಅನ್ಯಾಯವಾಗಿತ್ತು. ಹುಸೇನ್‌ಸಾಬರ ಅಂಗಡಿಯ ಆಚೆ ಗಡಿಯಾರ ರಿಪೇರಿಯ ಸಾವಂತ ಕಾಕಾ ಕೂರುತ್ತಿದ್ದರು. ಕಣ್ಣಿಗೆ ಒಂದು ಭೂತಗಾಜು ಸಿಕ್ಕಿಸಿಕೊಂಡು ಇಡೀ ದಿನ ತಲೆ ಬಗ್ಗಿಸಿ ಕೂತಿರುವ ಮನುಷ್ಯ. ನಮ್ಮ ನೀರು ಅಲ್ಲಿಯವರೆಗೆ ಹೋಗುತ್ತಿರಲಿಲ್ಲ. ಗಡಿಯಾರದ ಅಂಗಡಿಗೆ ನೀರು ಬೀಳಲಿಲ್ಲವೆಂದರೆ ಯಾರಾದರೂ ದೇವರಿಗೆ ಕೈ ಮುಗಿಯಬೇಕು. ಆದರೆ ಎಡಬಲದವರೆಲ್ಲ ಚಹಾ ಕುಡಿಯುವಾಗ ತಾನೊಬ್ಬ ಒಣಗಿ ಕೂರುವುದು ಅವರಿಗೆ ಸಹಿಸಲಾಗಲಿಲ್ಲ. ಒಂದು ದಿನ ವಾರ್ಡ್ ಆಫೀಸಿಗೆ ಹೋಗಿ, "ಹೋಟೆಲಿನವರು ಎಲ್ಲರ ಕಡೆಗೂ ನೀರು ಬಿಡುತ್ತಾರೆ, ನನ್ನ ಕಡೆಗೆ ಮಾತ್ರ ಬಿಡುವುದಿಲ್ಲ," ಎಂದು ಹೇಳಿಬಂದರು. ಅಲ್ಲಿದ್ದವರಿಗೆ ಇಂಥ ದೂರು ಹೇಗೆ ಅರ್ಥವಾಗಬೇಕು? ಎಲ್ಲರ ಕಡೆಗೂ ನೀರು ಬಿಡುತ್ತಾರೆ ಎಂಬಷ್ಟನ್ನು ಹಿಡಿದುಕೊಂಡು ವಿಚಾರಣೆಗೆ ಒಬ್ಬ ಸಾಹೇಬರು ಬಂದರು.

ಅವರು ಬಂದದ್ದು ಎಂಥ ದಿನ ಅಂತೀರಿ. ಬೆಳಗಿನಿಂದ ಒಂದೇ ಸಮನೆ ಸುರಿಯುತ್ತಿತ್ತು. ದಿನಕ್ಕೊಂದು ಪರ್ಯಾಯ ಸಾಲದೆ, ಒಂದು ಸಲ ಭೈಯಾನ ಕಡೆ, ಒಂದು ಸಲ ಸಾಬರ ಕಡೆ, ಒಂದು ಸಲ ಮುಂದಕ್ಕೆ ಎಂದು ಮಾವ ಕೈ ಸೋತುಹೋಗುವಷ್ಟು ಸುರಿದಿದ್ದರು. ಸಾಹೇಬರು ಕೊಡೆ ಮಡಚಿ ಚಪ್ಪರದ ಕೆಳಗೇ ನಿಂತರು. ಅವರ ತಲೆಯ ಮೇಲೆ ಹೊಟ್ಟೆ ಮತ್ತೆ ಇಳಿಯುತ್ತಿತ್ತು. ದೂರು ಬಂದಿದೆ, ಇದರ ನೀರು ಯಾರ ಮೇಲೆ ಬೀಳುತ್ತದೆ ಎಂದು ಅವರು ಹಿಂದಿಯಲ್ಲಿ ಕೇಳಿದರು. ಅಡಿಗೆಮನೆಯ ಬಾಗಿಲಲ್ಲಿ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿತದಲ್ಲಿ ನನ್ನ ಬಳೆಯೊಂದು ಒಡೆಯಿತು, ಅದು ಅವರಿಗೆ ಗೊತ್ತೂ ಆಗಲಿಲ್ಲ.

ಸಾಹೇಬರು ಮೊದಲು ಭೈಯಾನನ್ನು ಕರೆದರು. ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಹಮ್ ತೋ ನಹಾಕೆ ಆಯೇ ಹೈಂ ಸಾಬ್," ಎಂದ, ಸ್ನಾನ ಮಾಡಿ ಬಂದದ್ದಂತೆ. ಬಟ್ಟೆ ಹಾಕಿಕೊಂಡೇ ಸ್ನಾನವೇ ಎಂದು ಸಾಹೇಬರು ಕೇಳಿದರು. "ಜಲ್ದೀ ಮೇಂ ಥಾ," ಅವಸರದಲ್ಲಿದ್ದೆ ಎಂದ ಭೈಯಾ. ಹುಸೇನ್‌ಸಾಬರ ಗಡ್ಡದಿಂದಲೂ ನೀರಿಳಿಯುತ್ತಿತ್ತು. "ಪಸೀನಾ ಹೈ ಸಾಬ್," ಎಂದು ಹೊಲಿಗೆ ಮಶೀನು ತುಳಿದು ತುಳಿದು ಬೆವತದ್ದನ್ನು ಅವರು ಗಂಭೀರವಾಗಿ ವಿವರಿಸಿದರು. ಕ್ಯೂನಲ್ಲಿದ್ದವರೆಲ್ಲ ತಲೆಯಿಂದ ಕಾಲಿನವರೆಗೆ ತೊಯ್ದು ನಿಂತು, ನೀರೆಂಬ ಪದಾರ್ಥವನ್ನೇ ಕಾಣದವರ ಹಾಗೆ ರಸ್ತೆಯ ಕಡೆ ನೋಡುತ್ತಿದ್ದರು. ಕೊನೆಗೆ ದೂರು ಕೊಟ್ಟ ಸಾವಂತ ಕಾಕಾನನ್ನೇ ಕರೆದದ್ದಾಯಿತು. ಚಪ್ಪರ ಬಿಚ್ಚಿಸುತ್ತಾರೆ ಎಂದು ಪಾಪ ಅವರಿಗೆ ಆವರೆಗೆ ತಿಳಿದೇ ಇರಲಿಲ್ಲ. ಚಪ್ಪರ ಹೋದರೆ ಮುಂದೆ ಎಂದಾದರೂ ಬರಬಹುದಾದ ಚಹಾವೂ ಹೋಯಿತು. "ಪಾಣೀ? ಕುಠಲಂ ಪಾಣೀ?" ಎಂದು ಯಾವ ನೀರು ಎಂಬಂತೆ ಸಾಹೇಬರನ್ನೇ ಕೇಳಿದರು.

ಸಾಹೇಬರು ದಡ್ಡರಲ್ಲ. ಮೇಲೆ ಬೆರಳು ತೋರಿಸಿ, ಹಾಗಾದರೆ ಇಷ್ಟು ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಮಾವನನ್ನೇ ಕೇಳಿದರು. ಇಲ್ಲ ಎನ್ನಲು ಬಾರದ ಮಾವನಿಗೆ ಸುಳ್ಳು ಹೇಳಲೂ ಬರುತ್ತಿರಲಿಲ್ಲ. "ಅದು... ಸಾಬ್, ಅದು ಹೇಗೆ ಅಂದ್ರೆ..." ಎಂದು ಶುರು ಮಾಡಿದರು. ಪರ್ಯಾಯದ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಲು ಹೊರಟಿದ್ದಾರೆಂದು ನನಗೆ ಮುಖ ನೋಡಿಯೇ ತಿಳಿಯಿತು. ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಸಡಿಲವಾಯಿತು. ತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಮೇಜುಗಳ ನಡುವಿನಿಂದ ನಡೆದುಹೋಗುತ್ತಿದ್ದರು. ತಿನ್ನುತ್ತಿದ್ದವರು ಕೈ ತಡೆದರು. ಗಲ್ಲಾಪೆಟ್ಟಿಗೆ ದಾಟಿ, ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ನಮ್ಮ ಹೊಸ್ತಿಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಂತರು. "ಸ್ವಲ್ಪ ಆಚೆ ನಿಲ್ಲಿ," ಎಂದರು ಸಾಹೇಬರಿಗೆ. ಕನ್ನಡ ತಿಳಿಯದಿದ್ದರೂ ಕೋಲು ತಿಳಿದು ಸಾಹೇಬರು ಸರಿದರು. ಅತ್ತೆ ಕೋಲಿನ ತುದಿಯನ್ನು ಹೊಟ್ಟೆಯ ಆಚೆಯ ಬದಿಗೆ ಕೊಟ್ಟು ಬಲವಾಗಿ ಮೇಲಕ್ಕೆತ್ತಿದರು. ಅಷ್ಟೂ ನೀರು ಹಿಂದಕ್ಕೆ ಉರುಳಿ, ಗೋಡೆಗೂ ಬಟ್ಟೆಗೂ ನಡುವಿನ ಸಂದಿಯಿಂದ ಅವರ ತಲೆಯ ಮೇಲೇ ಸುರಿಯಿತು. ಸುರಿದದ್ದು ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಹೋಟೆಲಿನ ಒಳಗೂ ಹರಿದು ಮೊದಲ ಮೇಜಿನವನ ಚಪ್ಪಲಿ ತೇಲಿತು. ಅತ್ತೆ ಕಣ್ಣು ಮುಚ್ಚಿ ಅಲುಗದೆ ನಿಂತಿದ್ದರು, ಆಮೇಲೆ ಮುಖ ಒರೆಸಿಕೊಂಡು ಹೇಳಿದರು. "ನಮ್ಮ ಚಪ್ಪರದ ನೀರು ನಮ್ಮ ಮೇಲೇ ಬೀಳುದು. ಬೇರೆಯವರಿಗೆ ಎಂತ ತೊಂದರೆ ಉಂಟು?"

ಹುಸೇನ್‌ಸಾಬರು ಅದನ್ನು ಹಿಂದಿಗೆ ತಿರುಗಿಸಿ ಹೇಳಿದರು. ಸಾಹೇಬರು ಅತ್ತೆಯನ್ನು ನೋಡಿದರು, ಒದ್ದೆಯಾಗಿ ನಿಂತ ಇಡೀ ಮಲಾಡನ್ನು ನೋಡಿದರು. ಒಂದು ಚಹಾ ಕುಡಿದು ಕೊಡೆ ಬಿಚ್ಚಿಕೊಂಡು ಹೊರಟುಹೋದರು.

ಮಾವ ಅಂದು ಹೊಸ್ತಿಲಿನ ನೀರನ್ನು ತಾವೇ ಗುಡಿಸಿ ಹೊರಹಾಕಿದರು. ಮರುದಿನ ಎದುರಿನ ಎರಡೂ ಕಾಲುಗಳನ್ನು ಮೇಲಿನ ತೂತಿಗೆ ಎತ್ತರಿಸಿ ಚಪ್ಪರವನ್ನು ನಮ್ಮ ಗೋಡೆಯ ಕಡೆಗೆ ಇಳಿಜಾರು ಮಾಡಿದರು. ಗೋಡೆಯುದ್ದಕ್ಕೆ ನೀರು ಹರಿದುಹೋಗಲು ಒಂದು ತಗಡಿನ ದೋಣಿ, ಅದರ ಬಾಯಿಗೆ ಒಂದು ಡ್ರಮ್ಮು. ಪಾತ್ರೆ ತೊಳೆಯಲು ನಲ್ಲಿಯ ನೀರಿಗೆ ಕಾಯುವ ಕೆಲಸವೂ ತಪ್ಪಿತು. ಪರ್ಯಾಯ ನಿಂತಿತು, ಚಹಾ ನಿಲ್ಲಲಿಲ್ಲ. ಭೈಯಾ, ಸಾಬರು, ಸಾವಂತ ಕಾಕಾ ಮೂವರೂ ಮಳೆ ಬಂದಾಗ ಒಣಬಟ್ಟೆಯಲ್ಲೇ ಬಂದು ಡ್ರಮ್ಮಿನ ಪಕ್ಕ ನಿಲ್ಲುತ್ತಿದ್ದರು, ಮಾವ ಇಲ್ಲ ಎನ್ನುವುದು ಹೇಗೆ? ಚೌತಿ ಬಂತು. ಅತ್ತೆ ತಮ್ಮದೇ ಒಲೆಯಲ್ಲಿ, ತಾವೇ ತರಿಸಿದ ತೆಂಗಿನಕಾಯಿ ತುರಿದು ಕಡುಬು ಬೇಯಿಸಿದರು. ನಾವು ಬೈಕುಲ್ಲಾಕ್ಕೆ ಹೋಗಲಿಲ್ಲ.

ಸಾಹೇಬರು ಹೋದ ಮೇಲಿನ ಒಂದು ಮಾತು ಹೇಳುವುದು ಉಳಿಯಿತು. ಅತ್ತೆಯನ್ನು ಹಿಂದಿನ ಕೋಣೆಯಲ್ಲಿ ಮಣೆಯ ಮೇಲೆ ಕೂರಿಸಿ ನಾನು ತಲೆ ಒರೆಸುತ್ತಿದ್ದೆ. ಚಳಿಗೆ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಹೆದರಿದ್ದಾರೆಂದು ನಾನು ಅಂದುಕೊಂಡೆ, ನೋಡಿದರೆ ನಗುತ್ತಿದ್ದಾರೆ. ಅವರು ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. "ಅಲ್ಲ ಮಗಾ," ಎಂದರು, "ಬೈಕುಲ್ಲಾದಲ್ಲಿ ನನ್ನ ತಲೆ ಮೇಲೆ ಬಿದ್ದದ್ದೆಲ್ಲ ಬೇರೆಯವರು ಸುರಿದದ್ದು. ಇದು ನಾನೇ ಸುರಿದುಕೊಂಡದ್ದು, ನೋಡು."

ಈ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಯಾವಾಗಲೂ "ನಮ್ಮ ಮಾವ ಒಬ್ಬರಿದ್ದರು" ಎಂದೇ ಶುರುಮಾಡುವುದು. ನಿನ್ನೆ ಊಟಕ್ಕೆ ಕೂತಾಗ ಮೊಮ್ಮಗಳು ಬಿಡದೆ ಕೇಳಿದಳು, ಸಂಜೆ ನಗುತ್ತಿದ್ದದ್ದು ಯಾಕೆ ಎಂದು. ಹೇಳಹೊರಟರೆ "ನನ್ನ ಅತ್ತೆ ಒಬ್ಬರಿದ್ದರು" ಎಂದು ಬಾಯಿಗೆ ಬಂತು. ಯಾಕೆ ಹಾಗೆ ಬಂತೋ ಗೊತ್ತಿಲ್ಲ, ಬಂದದ್ದೇ ಸರಿ ಅನ್ನಿಸಿತು. ಅವಳು ಎರಡು ತುತ್ತು ನುಂಗಿ, "ಅಜ್ಜೀ, ಅವರ ನಾಮ್ ಕ್ಯಾ ಥಾ?" ಎಂದಳು.

ಸೊಸೆಯಾದವಳು ಅತ್ತೆಯ ಹೆಸರು ಹೇಳುವುದುಂಟೇ? ಮಾವನೂ ಹೆಸರು ಹಿಡಿದು ಕರೆದವರಲ್ಲ, "ಕೇಳ್ತಾ?" ಎಂದಷ್ಟೇ. ಬೈಕುಲ್ಲಾದಲ್ಲಿ ಅವರು ಸಣ್ಣವಳು, ಮಲಾಡಿನಲ್ಲಿ ಅಮ್ಮ. ಅವರು ಹೋಗಿ ಇಷ್ಟು ವರ್ಷವಾದರೂ ಆ ಹೆಸರು ನನ್ನ ಬಾಯಿಯಿಂದ ಒಮ್ಮೆಯೂ ಬಂದದ್ದಿಲ್ಲ. ಮೊಮ್ಮಗಳು ಕಾಯುತ್ತಿದ್ದಳು.

"ರುಕ್ಮಿಣಿ," ಎಂದೆ.

ಅವಳಿಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ.